ಹೊಸ್ತಿಲಿನ ಸುಣ್ಣದ ಗೆರೆ

ನಮ್ಮ ನೇಕಾರರ ಸಂಘಕ್ಕೆ ಕಂಪ್ಯೂಟರ್ ಬಂದು ಕೆಲವು ತಿಂಗಳಾದವು. ಸೀರೆಯ ಅಂಚಿನ ವಿನ್ಯಾಸವನ್ನು ಈಗ ಪರದೆಯ ಮೇಲೆ ಬಿಡಿಸುತ್ತೇವೆ. ಆ ಯಂತ್ರವನ್ನು ಮನೆಗೆ ಹೊತ್ತುಕೊಂಡು ಹೋಗುವಂತಿಲ್ಲ. ನಮಗೆಲ್ಲ ಅದನ್ನು ಕಲಿಸುತ್ತಿರುವ ಹುಡುಗಿಗೆ ಮದುವೆ ಗೊತ್ತಾಗಿದೆ. ಮೊನ್ನೆ ಊಟದ ಹೊತ್ತಿನಲ್ಲಿ ಅವಳು ಕೇಳಿದಳು, "ಮೇಡಂ, ನೀವು ಎಷ್ಟೋ ವರ್ಷ ಮೂರು ದಿನ ಮನೇಲಿ, ಮೂರು ದಿನ ಆಫೀಸಲ್ಲಿ ಕೆಲಸ ಮಾಡಿದ್ರಂತೆ. ಅದರಿಂದ ಲಾಭವೋ ನಷ್ಟವೋ?"

"ಎರಡೂ" ಎಂದೆ. ಕೇಳಿದವರಿಗೆ ಏನೂ ಸಿಗದ ಉತ್ತರ ಅದು. ಸಂಜೆ ಹನೂರಿನ ಬಸ್ಸಿನಲ್ಲಿ ಕೂತಾಗ ಅದೇ ಮನಸ್ಸನ್ನು ಕೊರೆಯಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಮೈಸೂರಿನಲ್ಲಿ ಓದಿದ್ದು ಇತಿಹಾಸ. ಅಲ್ಲಿ ಕಲಿತದ್ದರಲ್ಲಿ ಉಳಿದಿರುವುದು ಒಂದೇ ಮಾತು: ಒಬ್ಬನೇ ಸಾಕ್ಷಿಯನ್ನು ನಂಬಬೇಡ, ಆ ಸಾಕ್ಷಿ ನೀನೇ ಆಗಿದ್ದರಂತೂ ಇನ್ನೂ ನಂಬಬೇಡ. ಹಾಗಾಗಿ ಹಳೆಯ ದಿನಚರಿಗಳನ್ನು ಪಕ್ಕದಲ್ಲಿ ಇಟ್ಟುಕೊಂಡಿದ್ದೇನೆ. ಅವುಗಳಿಂದಲೂ ಹೆಚ್ಚಿನ ಸಹಾಯವಿಲ್ಲ. ಬೆಳಿಗ್ಗೆ ಬೇಗ ಏಳಬೇಕಾದವಳು ರಾತ್ರಿ ಉದ್ದಕ್ಕೆ ಬರೆಯುವುದಿಲ್ಲ.

ನನ್ನ ತವರು ಯಳಂದೂರು. ಎಂ.ಎ. ಮುಗಿಸಿ ಕೆಲಸವಿಲ್ಲದೆ ಕೂತಿದ್ದಾಗ ನೇಕಾರರ ವಿನ್ಯಾಸದ ತರಬೇತಿಯೊಂದಕ್ಕೆ ಸೇರಿದೆ. ಚಿಕ್ಕಂದಿನಿಂದ ನಮ್ಮೂರ ದೇವಸ್ಥಾನದ ಬಳೆಮಂಟಪದ ಕಲ್ಲಿನ ಬಳೆಗಳನ್ನು ನೋಡಿ ನೆಲದ ಮೇಲೆ ಬಿಡಿಸುತ್ತಿದ್ದವಳಿಗೆ ಅದು ಕಷ್ಟವೆನಿಸಲಿಲ್ಲ. ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆ ನೇಯುವವರ ಸಣ್ಣ ಸಂಘವೊಂದರಲ್ಲಿ ಗ್ರಾಫ್ ಬರೆಯುವ ಕೆಲಸ ಸಿಕ್ಕಿತು. ಆಮೇಲೆ ಕಾಮಗೆರೆಗೆ ಮದುವೆಯಾಗಿ ಬಂದೆ. ಗಂಡ ಹನೂರಿನಲ್ಲಿ ಶಾಲಾ ಮೇಷ್ಟ್ರು. ಮಾವ ಆಗಲೇ ಇರಲಿಲ್ಲ. ಅತ್ತೆ ಒಂದಿಷ್ಟು ಜಮೀನಿನಲ್ಲಿ ಹಿಪ್ಪುನೇರಳೆ ಬೆಳೆದು ಮನೆಯ ನಡುಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು.

ಗ್ರಾಫ್ ಅಂದರೆ ಚೌಕಗಳ ಹಾಳೆ. ಒಂದೊಂದು ಚೌಕವೂ ಮಗ್ಗದಲ್ಲಿ ಎಳೆ ಮೇಲೇಳಬೇಕೋ ಬೇಡವೋ ಎಂಬುದರ ಗುರುತು. ಏಳಬೇಕಾದ ಕಡೆ ಕೆಂಪು ಶಾಯಿ ತುಂಬುತ್ತೇವೆ. ಅದನ್ನು ನೋಡಿ ಇನ್ನೊಬ್ಬರು ರಟ್ಟಿನ ಕಾರ್ಡುಗಳಿಗೆ ತೂತು ಹಾಕುತ್ತಾರೆ. ಆ ಕಾರ್ಡುಗಳು ಮಗ್ಗದ ಮೇಲೆ ಸುತ್ತುತ್ತವೆ. ಒಂದು ಚೌಕ ತಪ್ಪಿದರೆ ಸೀರೆಯ ಉದ್ದಕ್ಕೂ ಅದೇ ತಪ್ಪು ಮತ್ತೆ ಮತ್ತೆ ಬರುತ್ತದೆ. ಹಾಗಾಗಿ ಸಾಲು ಎಣಿಸುವಾಗ ಯಾರಾದರೂ ಮಾತಾಡಿಸಿದರೆ ಎಣಿಕೆ ಮೊದಲಿನಿಂದ. ಬರೆಯುತ್ತಿರುವ ಸಾಲಿನ ತುದಿಯಲ್ಲಿ ಗುರುತಿಗೆ ಒಂದು ಹುಣಸೆ ಬೀಜ ಇಡುತ್ತಿದ್ದೆ.

ಮಗಳು ಶಾಲೆಗೆ ಸೇರಿದ ವರ್ಷ, ಅಂದರೆ ತೊಂಬತ್ತರ ದಶಕ ಶುರುವಾದ ಹೊಸದರಲ್ಲಿ, ಮನೆಯ ಲೆಕ್ಕಾಚಾರ ತಪ್ಪಿತು. ನಾನು ಆರು ದಿನವೂ ಬಸ್ಸು ಹತ್ತಿದರೆ ಮಧ್ಯಾಹ್ನ ಶಾಲೆಯಿಂದ ಬರುವ ಮಗುವನ್ನೂ ತೋಟದ ಸೊಪ್ಪನ್ನೂ ತಟ್ಟೆಯಲ್ಲಿನ ಹುಳವನ್ನೂ ಅತ್ತೆಯೊಬ್ಬರೇ ನೋಡಬೇಕು. ಕೆಲಸ ಬಿಡು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯವೂ ಇಲ್ಲ ಎಂಬಂತಿದ್ದರು. ನಾನು ಬಿಡುವುದಿಲ್ಲವೆಂದು ನಿಶ್ಚಯ ಮಾಡಿದ್ದೆ. ಗ್ರಾಫನ್ನು ಮನೆಯಲ್ಲಿ ಬರೆಯಲು ವಾರಕ್ಕೆ ಮೂರು ದಿನ ಬಿಟ್ಟುಕೊಡಿ ಎಂದು ಸಂಘದ ಸಭೆಯಲ್ಲಿ ಕೇಳಿದೆ.

ಕಾರ್ಯದರ್ಶಿಗೆ ಅದು ಹಿಡಿಸಲಿಲ್ಲ. "ಸಂಬಳ ತಕಂಡೋರು ಕುರ್ಚಿ ಮೇಲೆ ಕಾಣ್ಬೇಕು ಮೇಡಮ್ಮೋರೆ. ನಾಳೆ ನಾನೂ ಲೆಕ್ಕ ಪತ್ರ ಎಲ್ಲ ಗಂಟು ಕಟ್ಕಂಡು ಮನೇಗೋಯ್ತೀನಿ ಅಂದ್ರೆ?"

"ಓಗು, ಯಾರ್ ಬ್ಯಾಡ ಅಂದೋರು" ಎಂದರು ಅಧ್ಯಕ್ಷರು. ಅವರು ಮುದುಕರು, ಸ್ವತಃ ನೇಕಾರರು. ನಗು ನಿಂತ ಮೇಲೆ ಮುಂದುವರಿಸಿದರು, "ನಮ್ ನೇಕಾರ್ರೆಲ್ಲ ಎಲ್ ಕುಂತು ನೇಯ್ತಾರಪ್ಪ? ಮನೇಲಿ ತಾನೆ? ಒಲೆ ಪಕ್ದಲ್ಲೇ ಮಗ್ಗದ ಗುಂಡಿ, ಗುಂಡೀಲಿ ಕಾಲು. ಅದು ಕೆಲ್ಸ ಅಲ್ವಾ?" ಆಮೇಲೆ ನನ್ನ ಕಡೆ ತಿರುಗಿದರು. "ಮಾಡವ್ವ. ಆದ್ರೆ ಗ್ರಾಪು ತಡ ಆದ್ರೆ ಮಗ್ಗ ನಿಲ್ತದೆ. ಮಗ್ಗ ನಿಂತ್ರೆ ಈ ಏರ್ಪಾಟೂ ನಿಲ್ತದೆ."

ಏರ್ಪಾಟು ನಿಂತರೆ ನನ್ನ ಕೆಲಸವೂ ನಿಂತಂತೆ. ಅದು ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಎರಡೂ ಕಡೆ ಅನುಕೂಲವೂ ಇತ್ತು, ತೊಂದರೆಯೂ ಇತ್ತು. ಆಫೀಸಿನಲ್ಲಿ ನನ್ನ ಮೇಜು ನೇಕಾರರು ಸೀರೆ ಒಪ್ಪಿಸಿ ನೂಲು ಪಡೆಯುವ ಜಾಗದ ಪಕ್ಕದಲ್ಲೇ ಇತ್ತು. ತೂಕದ ಜಗಳ, ಜರಿಯ ಜಗಳ, ಮಗಳ ಮದುವೆ ಮಾತು, ಎಲ್ಲ ನನ್ನ ಹಾಳೆಯ ಮೇಲೆಯೇ ನಡೆಯುತ್ತಿತ್ತು. ಆದರೆ ಅಲ್ಲಿಂದ ಎದ್ದು ಪಕ್ಕದ ಬೀದಿಯ ಮಗ್ಗಕ್ಕೆ ಹೋಗಬಹುದಿತ್ತು. "ನಿನ್ ಬಳ್ಳಿ ಈ ಮೂಲೇಲಿ ಕುಂಟ್ತದೆ ನೋಡವ್ವ" ಎಂದು ನೇಕಾರ ತೋರಿಸಿದರೆ ಅಲ್ಲೇ ತಿದ್ದಬಹುದಿತ್ತು. ಮನೆಯಲ್ಲಿ ಬರೆದ ಗ್ರಾಫ್ ಹಾಳೆಯ ಮೇಲೆ ಚೆಂದ ಕಾಣುತ್ತಿತ್ತು. ನೇಯ್ದಾಗ ಹೇಗಿರುತ್ತದೆಂದು ಕಾಮಗೆರೆಯಲ್ಲಿ ಹೇಳುವವರಿರಲಿಲ್ಲ. ಇನ್ನೊಂದು ತೊಂದರೆಯೂ ಇತ್ತು. ಬೇಕಾದ ಸಾಮಾನು ಯಾವಾಗಲೂ ಇನ್ನೊಂದು ಕಡೆ ಇರುತ್ತಿತ್ತು. ಶಾಯಿ ಕೊಳ್ಳೇಗಾಲದಲ್ಲಿ, ಅಡಿಕೋಲು ಕಾಮಗೆರೆಯಲ್ಲಿ. ಎರಡೂ ಕಡೆಗೆ ಎರಡೆರಡು ತಂದಿಟ್ಟ ಮೇಲೆ ಹಾಳೆಯನ್ನೇ ಮರೆಯತೊಡಗಿದೆ. ಹಾಳೆ ಮುದುಡದಂತೆ ಕೊಳವೆಯೊಂದರಲ್ಲಿ ಸುತ್ತಿ ಒಯ್ಯುತ್ತಿದ್ದೆ. "ಏನಕ್ಕ, ಕೊಳವೇಲಿ ಆವು ಗೀವು ಇಲ್ವಲ್ಲ?" ಎಂದು ಕಂಡಕ್ಟರ್ ದಿನವೂ ಕೇಳುತ್ತಿದ್ದ. ದಿನವೂ ನಕ್ಕೆನೋ ಇಲ್ಲವೋ ನೆನಪಿಲ್ಲ.

ನಿಜವಾದ ತೊಡಕು ಬೇರೆ. ಮನೆಯಲ್ಲಿರುವವಳಿಗೆ ಕೆಲಸವಿದೆಯೆಂದು ಊರಿನಲ್ಲಿ ಯಾರೂ ನಂಬುವುದಿಲ್ಲ. ಜಗಲಿಯ ಪಕ್ಕದ ಸಣ್ಣ ಕೋಣೆಯನ್ನು ಖಾಲಿ ಮಾಡಿಸಿಕೊಂಡು ಕೂತಿದ್ದೆ. ಕಿಟಕಿಯಿಂದ ಒಳ್ಳೆಯ ಬೆಳಕು ಬರುತ್ತಿತ್ತು, ಬೆಳಕಿನ ಜೊತೆ ಜನವೂ. ಪಕ್ಕದ ಮನೆಯಾಕೆ ಮಾತ್ರೆಯ ಚೀಟಿ ಓದಿಸಲು, ಆಕೆಯ ನಾದಿನಿ ರೇಷನ್ ಕಾರ್ಡಿನ ಅರ್ಜಿ ಬರೆಸಲು. "ಸುಮ್ನೆ ಕುಂತಿದ್ದೀಯಲ್ಲ, ಈ ಸೊಪ್ ಒಂದೀಟು ಕತ್ತರ್ಸ್ಕೊಡು" ಎಂದು ಅತ್ತೆ. ಮೊದಲ ತಿಂಗಳಲ್ಲೇ ಒಂದು ಗ್ರಾಫ್ ತಡವಾಯಿತು. ಕಾರ್ಯದರ್ಶಿ ಗಡಿಯಾರ ನೋಡಿದರು.

ಹುಳು ಸಾಕುವ ಮನೆಗೆ ನಮ್ಮ ಕಡೆ ಒಂದು ಕಟ್ಟುಪಾಡಿದೆ. ಹುಳುವಿಗೆ ರೋಗ ಬೇಗ ತಗಲುತ್ತದೆ, ವಾಸನೆ ಆಗುವುದಿಲ್ಲ. ಅದಕ್ಕೆ ಹೊಸ್ತಿಲಿನ ಮುಂದೆ ಅಂಗೈ ಅಗಲಕ್ಕೆ ಸುಣ್ಣದ ಪುಡಿಯ ಗೆರೆ ಹಾಕಿ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುತ್ತಾರೆ. ಅದನ್ನು ಕಂಡವರು ನೆಂಟರೇ ಆಗಲಿ, ಸಾಲ ಕೊಟ್ಟವರೇ ಆಗಲಿ, ಅಲ್ಲೇ ನಿಲ್ಲುತ್ತಾರೆ. ಹುಳ ಪೊರೆ ಬಿಡಲು ಮೇವು ನಿಲ್ಲಿಸಿ ಅಲುಗದೆ ಕೂತಿರುವ ಹೊತ್ತಿಗೆ 'ಜ್ವರಕ್ಕೆ ಕೂತಿವೆ' ಎನ್ನುತ್ತಾರೆ. ಆಗಂತೂ ಮಾತನ್ನೂ ಪಿಸುಗುಟ್ಟುತ್ತಾರೆ. ಇದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಒಂದು ಬೆಳಿಗ್ಗೆ ಅತ್ತೆಯ ಡಬ್ಬದಿಂದ ಸುಣ್ಣ ತೆಗೆದು ನನ್ನ ಕೋಣೆಯ ಹೊಸ್ತಿಲಿಗೂ ಗೆರೆ ಎಳೆದೆ. ಬೇವಿನ ಸೊಪ್ಪನ್ನೂ ಸಿಕ್ಕಿಸಿದೆ.

ಆ ದಿನ ಯಾರೂ ಬರಲಿಲ್ಲ. ಪಕ್ಕದ ಮನೆಯಾಕೆ ಜಗಲಿಯವರೆಗೆ ಬಂದು, ಗೆರೆ ನೋಡಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹಿಂತಿರುಗಿದ್ದನ್ನು ಕಿಟಕಿಯಿಂದ ಕಂಡೆ. ಮಗಳು ಶಾಲೆಯಲ್ಲಿ "ನಮ್ಮವ್ವ ಜ್ವರಕ್ಕೆ ಕುಂತವ್ಳೆ" ಎಂದು ಹೇಳಿ ಬಂದಳು. ಗಂಡ ನಕ್ಕರು. ಅತ್ತೆ ಮಾತ್ರ ನಗಲಿಲ್ಲ. "ಒಳಗೆ ಉಳ ಇಲ್ದೆ ಗೆರೆ ಎಳೀಬಾರ್ದು ಕಣವ್ವ. ಜನಕ್ಕೆ ಗೊತ್ತಾದ್ರೆ ನಾಳಿಕೆ ನನ್ ಗೆರೇಗೂ ಬೆಲೆ ಇರಕ್ಕಿಲ್ಲ" ಎಂದರು. ಗೊತ್ತಾಗುವುದಿಲ್ಲ ಬಿಡಿ ಎಂದೆ.

ಗೊತ್ತಾದದ್ದು ಹೀಗೆ. ಕಾರ್ಯದರ್ಶಿ ಹನೂರಿನಲ್ಲಿ ಯಾವುದೋ ಮದುವೆಗೆ ಸ್ಕೂಟರಿನಲ್ಲಿ ಹೊರಟವರು ದಾರಿಯಲ್ಲಿ ನಮ್ಮ ಮನೆಯ ಮುಂದೆ ನಿಲ್ಲಿಸಿದರಂತೆ. ನಾನು ಕೆಲಸ ಮಾಡುತ್ತಿದ್ದೇನೆಯೇ ಎಂದು ನೋಡಲು ಬಂದರೋ, ಬರೀ ನೀರು ಕುಡಿಯಲು ಬಂದರೋ ನಾನು ಹೇಳಲಾರೆ. ಗೆರೆ ಕಂಡು ನಿಂತರು. ಪಕ್ಕದ ಮನೆಯಾಕೆ ಅಲ್ಲೇ ಇದ್ದಳು. "ಒಳಗೆ ಉಳ ಅವೆ ಸಾ, ಮಾತಾಡಿಸ್ಬ್ಯಾಡಿ" ಎಂದಳು. ಅವರೂ ಈ ಸೀಮೆಯವರೇ. ಬಾಗಿಲು ತಟ್ಟುವ ಯೋಚನೆಯೂ ಬರಲಿಲ್ಲ, ಹೊರಟುಹೋದರು. ನಾನು ಬಾಗಿಲಿನಾಚೆ, ಕೈಯಲ್ಲಿ ಕೆಂಪು ಶಾಯಿ ಹಿಡಿದು ಕೂತಿದ್ದೆ.

ಮರುದಿನ ಆಫೀಸಿನಲ್ಲಿ ಸುದ್ದಿ ಹರಡಿತ್ತು: ಸಂಘದ ಸಂಬಳ, ಮನೆಯಲ್ಲಿ ಹುಳ.

"ನನ್ನ ಕೋಣೆಯಲ್ಲಿ ಹುಳ ಇಲ್ಲ ಸಾರ್" ಎಂದೆ.

"ಸುಣ್ಣ ಇತ್ತಲ್ಲ" ಎಂದರು ಕಾರ್ಯದರ್ಶಿ.

"ಸುಣ್ಣ ನಾನೇ ಹಾಕಿಕೊಂಡದ್ದು. ಯಾರೂ ಒಳಗೆ ಬರದಿರಲಿ ಅಂತ."

ಅವರು ಅಧ್ಯಕ್ಷರ ಮುಖ ನೋಡಿದರು. "ಕೇಳುದ್ರಾ? ಯಾರಾರ ಉಳ ಇಲ್ದೆ ಸುಣ್ಣ ಆಕ್ತಾರಾ?"

ಅಧ್ಯಕ್ಷರು ಮೀಸೆ ನೀವಿಕೊಂಡರು. "ಒಂದಿನ ನಾನೇ ಬತ್ತೀನವ್ವ. ಯಾವತ್ತು ಅಂತ ಏಳಕ್ಕಿಲ್ಲ. ನೋಡಿ ತೀರ್ಮಾನ ಮಾಡನ" ಎಂದರು.

ಆಫೀಸಿನ ಮಾತು ಬಸ್ಸು ಹತ್ತಿ ಬಂದು ಅತ್ತ ಊರಿನಲ್ಲೂ ಗುಟ್ಟು ರಟ್ಟಾಯಿತು. "ಸುಣ್ಣ ಆಕಿ ನಮ್ಗೇ ಟೋಪಿ ಆಕ್ದಲ್ಲವ್ವ" ಎಂದು ಪಕ್ಕದ ಮನೆಯಾಕೆ ಆಡಿಕೊಂಡಳು. ಅದೇ ವಾರ ಅತ್ತೆ ಹೆದರಿದ್ದೂ ನಡೆಯಿತು. ಪಕ್ಕದ ಮನೆಯಾಕೆಯ ನಾದಿನಿ ತಲೆಗೆ ಎಣ್ಣೆ ಸುರಿದುಕೊಂಡು, ಊದುಬತ್ತಿಯ ವಾಸನೆಯೊಂದಿಗೆ, ನಡುಮನೆಯ ಗೆರೆಯನ್ನು ದಾಟಿ ತಟ್ಟೆಗಳ ಹತ್ತಿರ ಬಂದು ನಿಂತಳು. "ಇದೂ ಸುಮ್ನೆ ಆಕಿರ ಗೆರೆ ಅಂದ್ಕಂಡೆ" ಎಂದಳು. ಅತ್ತೆ ಅವಳನ್ನು ಬೈಯಲಿಲ್ಲ, ನನ್ನನ್ನು ನೋಡಿದರು. ಗೆರೆಯನ್ನು ಅಳಿಸಿಬಿಡುವುದೇ ಸರಿ ಎಂದುಕೊಂಡೆ.

ಸಂಜೆ ಪೊರಕೆ ಹಿಡಿದು ಬಾಗಿದಾಗ ಸುಣ್ಣದ ಮೇಲಿನ ಹೆಜ್ಜೆಗಳು ಕಂಡವು. ಇತಿಹಾಸದ ವಿದ್ಯಾರ್ಥಿನಿ ಅವುಗಳನ್ನು ಎಷ್ಟೋ ಮುಂಚೆಯೇ ನೋಡಬೇಕಿತ್ತು. ಎಲ್ಲವೂ ನನ್ನವೇ. ಒಳಗಿನಿಂದ ಹೊರಗೆ, ಹೊರಗಿನಿಂದ ಒಳಗೆ. ಹಾಲು ಉಕ್ಕೀತೆಂದು, ಕಾಗೆ ಹಪ್ಪಳ ಕಚ್ಚೀತೆಂದು, ಬೀದಿಯಲ್ಲಿ ಏನೋ ಸದ್ದಾಯಿತೆಂದು. ಬೆಳಿಗ್ಗೆಯಿಂದ ಬೇರೆ ಯಾರೂ ಆ ಗೆರೆ ತುಳಿದಿರಲಿಲ್ಲ. ಗ್ರಾಫ್ ತಡವಾಗಲು ಊರವರೇ ಕಾರಣವೆಂದು ನಂಬಿದ್ದೆ. ಬರೀ ನೆನಪನ್ನು ಕೇಳಿದರೆ ಈಗಲೂ ಅದು ಹಾಗೇ ಹೇಳುತ್ತದೆ.

ಪೊರಕೆ ಇಟ್ಟೆ. ಅತ್ತೆಯ ಹತ್ತಿರ ಹೋಗಿ, "ಗೆರೆ ಇರಲಿ ಅತ್ತೆ. ಇನ್ನು ಮೇಲೆ ಹಾಕಿದೆ ಅಂದ್ರೆ ಸಂಜೆ ಹನೂರಿನ ಬಸ್ಸು ಬರೋವರೆಗೂ ನಾನೂ ದಾಟಲ್ಲ. ಉಣ್ಣೋದಕ್ಕೂ ಏಳಲ್ಲ. ದಾಟಿದ್ರೆ ನೀವೇ ಅಳಿಸಿಬಿಡಿ" ಎಂದೆ.

ಅತ್ತೆ ಸೊಪ್ಪು ಕತ್ತರಿಸುತ್ತಲೇ ಇದ್ದರು. "ಆಗ್ಲಿ ಕಣವ್ವ. ಉಳ ಅಣ್ಣಾದ ದಿನ ನೋಡ್ತೀನಿ ನಿನ್ ಗೆರೆಯ."

ಹುಳ ಹಣ್ಣಾಗುವುದೆಂದರೆ ಮೇವು ಬಿಟ್ಟು, ಮೈ ಹಳದಿಗೆ ತಿರುಗಿ, ಗೂಡು ಕಟ್ಟಲು ತಲೆಯೆತ್ತಿ ಅಲೆದಾಡುವುದು. ಆಗ ಒಂದೊಂದನ್ನೇ ಆರಿಸಿ ಸುರುಳಿ ಹೆಣೆದ ಬಿದಿರಿನ ತಟ್ಟಿಯ, ಅಂದರೆ ಚಂದ್ರಿಕೆಯ ಮೇಲೆ ಬಿಡಬೇಕು. ತಡವಾದರೆ ಸೊಪ್ಪಿನ ಕಸದಲ್ಲೇ ಕಟ್ಟಿಬಿಡುತ್ತವೆ. ಆ ಗೂಡಿಗೆ ಮಾರುಕಟ್ಟೆಯಲ್ಲಿ ಮರ್ಯಾದೆಯಿಲ್ಲ. ಆ ದಿನ ಮನೆಯಲ್ಲಿ ಎಷ್ಟು ಕೈಗಳಿದ್ದರೂ ಸಾಲದು.

ಹುಳ ಹಣ್ಣಾದದ್ದು ನಾನು ಮನೆಯಲ್ಲಿ ಬರೆಯುವ ದಿನವೇ. ನಾನು ಆಗಲೇ ಗೆರೆ ಎಳೆದು ಕೂತಿದ್ದೆ. ಅತ್ತೆ ಬೀದಿಯಲ್ಲಿ ಆಳು ಕರೆಯುವುದು ಕೇಳಿಸಿತು. ಚಂದ್ರಿಕೆಗಳನ್ನು ಎಳೆದಾಡುವ ಸದ್ದು ಕೇಳಿಸಿತು. "ಒಳಗೊಬ್ಳವ್ಳಲ್ಲ, ಅವ್ಳ್ಗೇನ್ ಕೈ ಇಲ್ವಾ?" ಎಂದು ಪಕ್ಕದ ಮನೆಯಾಕೆ ಕೇಳಿದಳು. "ಅವ್ಳು ಗೆರೆ ಒಳಗವ್ಳೆ ಬುಡು" ಎಂದರು ಅತ್ತೆ. ಆ ದನಿಯಲ್ಲಿ ಸಿಟ್ಟಿತ್ತೋ ಚುಚ್ಚುಮಾತಿತ್ತೋ ಇನ್ನೇನಿತ್ತೋ, ಇಂದಿಗೂ ಬಿಡಿಸಲಾಗಿಲ್ಲ. ಒಂದು ಸಲ ಅರ್ಧ ಎದ್ದೆ. ಹುಣಸೆ ಬೀಜ ನೋಡಿ ಮತ್ತೆ ಕೂತೆ. ಬರೆಯುತ್ತಿದ್ದದ್ದು ಬಳೆಮಂಟಪದ ಕಲ್ಲಿನ ಬಳೆಗಳ ಅಂಚು, ಒಂದರೊಳಗೊಂದು ಸಿಕ್ಕಿಸಿದ ಉಂಗುರಗಳು. ಒಂದು ಚೌಕ ತಪ್ಪಿದರೆ ಉಂಗುರ ತೆರೆದುಕೊಳ್ಳುತ್ತದೆ.

ಅಧ್ಯಕ್ಷರು ಬಂದದ್ದೂ ಅದೇ ಮಧ್ಯಾಹ್ನ, ಕಾರ್ಯದರ್ಶಿಯ ಜೊತೆ, ಬಸ್ಸಿನಲ್ಲಿ. ನಡುಮನೆಯ ಗದ್ದಲ ಕಂಡು ಕಾರ್ಯದರ್ಶಿ, "ನಾನೇಳಿಲ್ವಾ, ಉಳ" ಎಂದರು. ಅಧ್ಯಕ್ಷರು ಚಪ್ಪಲಿ ಬಿಟ್ಟು ನನ್ನ ಬಾಗಿಲ ಕಡೆ ಬಂದರು. ಕಿಟಕಿ ತೆರೆದೇ ಇತ್ತು.

"ಅಲ್ಲಿ ಉಳ ಇಲ್ಲ, ದಾಟಿ ಓಗಿ ಸಾ" ಎಂದಳು ಪಕ್ಕದ ಮನೆಯಾಕೆ.

"ಇಲ್ದೇ ಇರ್ಲಿ ಕಣವ್ವ. ಸುಣ್ಣ ಅದೆಯಲ್ಲ" ಎಂದು ಅವರು ಗೆರೆಯಾಚೆಯೇ ನಿಂತರು.

ನಾನು ಸಾಲಿನ ನಡುವೆ ಇದ್ದೆ. ತಲೆಯೆತ್ತದೆ, "ಈ ಸಾಲು ಮುಗೀಲಿ ಸಾರ್" ಎಂದೆ. ಎಂದೆನೇ? ಹೀಗೆ ಹೇಳಿದೆನೆಂದು ಇಷ್ಟು ವರ್ಷ ನಂಬಿಕೊಂಡು ಬಂದಿದ್ದೇನೆ. ಗಂಡ ಹೇಳುವ ಪ್ರಕಾರ, ಅತ್ತೆ ಆ ಸಂಜೆ ಅವರಿಗೆ ವರದಿ ಮಾಡಿದ್ದು ಬೇರೆ: ನಾನು ತುಟಿಪಿಟಕ್ಕೆನ್ನದೆ ಬರೀ ಕೈ ಮಾಡಿ ತಡೆದೆನಂತೆ, ದನ ತಡೆದಂತೆ. ದಿನಚರಿಯಲ್ಲಿರುವುದು ಇಷ್ಟೇ: "ಅಧ್ಯಕ್ಷರು ಬಂದಿದ್ದರು. ಸಾಲು ಮುಗಿಯಿತು. ಹುಳ ಹಣ್ಣು." ಸಾಲು ಮುಗಿದದ್ದಂತೂ ನಿಜ.

ಅಧ್ಯಕ್ಷರು ಜಗಲಿಯ ಮೇಲೆ ಕೂತು ಕಾದರು. ಕಾರ್ಯದರ್ಶಿ ನಿಂತೇ ಇದ್ದರು. ಅತ್ತೆಗೆ ಅವರು ಯಾರೆಂದು ಗೊತ್ತಿತ್ತೋ ಇಲ್ಲವೋ, "ನಿಂತ್ಕಂಡ್ ಏನ್ ನೋಡ್ತೀಯಪ್ಪ, ಕೈ ತೊಳ್ಕಂಡು ಬಾ. ಅಲ್ನೋಡು, ಕಸ್ದಲ್ಲೇ ಕಟ್ತಾ ಅವೆ" ಎಂದರು. ಅವರು ನಿಜಕ್ಕೂ ಕೈ ತೊಳೆದು ಒಳಗೆ ಹೋದರು. ಅವರ ತಾಯಿಯೂ ಹುಳ ಸಾಕಿದವರಂತೆ. ಹಣ್ಣುಹುಳ ಕಣ್ಣೆದುರು ಅಲೆಯುತ್ತಿದ್ದರೆ ನಮ್ಮ ಕಡೆಯವರಿಗೆ ಸುಮ್ಮನೆ ನಿಲ್ಲಲಾಗುವುದಿಲ್ಲ. ಕಿಟಕಿಯಿಂದ ಓರೆಯಾಗಿ ನೋಡಿದಾಗ ನಡುಮನೆಯ ಬಾಗಿಲಲ್ಲಿ ಅವರು ಪಂಚೆ ಮೇಲೆ ಕಟ್ಟಿ, ಬೆರಳಲ್ಲಿ ನವಿರಾಗಿ ಹುಳ ಎತ್ತಿ ಚಂದ್ರಿಕೆಗೆ ಬಿಡುತ್ತಿದ್ದರು.

"ಸಂಘದ ಸಂಬಳ, ಮನೇಲಿ ಉಳ" ಎಂದು ಅಧ್ಯಕ್ಷರು ಜಗಲಿಯಿಂದಲೇ ಗಾಳಿಗೆ ಹೇಳಿದಂತೆ ಹೇಳಿದರು.

ಸಾಲು ಮುಗಿದ ಮೇಲೆ ಗೆರೆಯ ಈಚೆಯಿಂದಲೇ ಹಾಳೆಯನ್ನು ಅವರ ಕಡೆ ಚಾಚಿದೆ. ಅವರು ಒಂದೊಂದು ಉಂಗುರವನ್ನೂ ಉಗುರಿನಿಂದ ಸುತ್ತಿ ನೋಡಿದರು. ಎಲ್ಲೂ ತೆರೆದಿರಲಿಲ್ಲ. "ನಡೀಲಿ ನಿನ್ ಏರ್ಪಾಟು. ಆದ್ರೆ ಮೂಲೆ ತಿರುವು ಮಗ್ಗದ ಮೇಲೆ ನೋಡ್ದೆ ನಾ ಒಪ್ಪಕ್ಕಿಲ್ಲ. ನಾಳೆ ಬಾ" ಎಂದು ಹಾಳೆ ಮರಳಿಸಿದರು. ಮರುದಿನ ಹಾಳೆ ಒಯ್ದೆ. ಕಾರ್ಡು ತೂತಾಗಿ ಮಗ್ಗ ಏರಿದಾಗ ತಿರುವು ಕುಂಟಿತು, ಅಲ್ಲೇ ತಿದ್ದಿದೆ. ಆ ಹುಡುಗಿಗೆ ಹೇಳಬೇಕಾದ ಉತ್ತರದ ಅರ್ಧ ಭಾಗ ಇದು: ಉಂಗುರ ಮುಚ್ಚಿದ್ದು ಮನೆಯಲ್ಲಿ, ಮೂಲೆ ಸರಿಯಾದದ್ದು ಆಫೀಸಿನಲ್ಲಿ.

ಇನ್ನರ್ಧ ಅಷ್ಟು ಸಲೀಸಲ್ಲ. ಬಸ್ಸು ಬಂದ ಮೇಲೆ ಗೆರೆ ದಾಟಿ ನಡುಮನೆಗೆ ಹೋದೆ. ಮೂಲೆಯ ಮೊರದಲ್ಲಿ ಕಸ ಅಂಟಿದ, ಚಪ್ಪಟೆಯಾದ ಗೂಡುಗಳ ಒಂದು ರಾಶಿ ಇತ್ತು. ಸಮಯಕ್ಕೆ ಕೈ ಸಾಲದೆ ಸೊಪ್ಪಿನಲ್ಲೇ ಕಟ್ಟಿಕೊಂಡವು. ಅವುಗಳಲ್ಲಿ ಎಷ್ಟು ನನ್ನ ಎರಡು ಕೈಗಳಿಂದ ಉಳಿಯುತ್ತಿದ್ದವೋ ತಿಳಿಯದು. ಅತ್ತೆ ಮೊರವನ್ನು ನನ್ನ ಕಣ್ಣಿಗೆ ಬೀಳುವಂತೆ ಇಟ್ಟಿದ್ದರು. ಅಥವಾ ಅದು ಅಲ್ಲಿ ಸುಮ್ಮನೆ ಇತ್ತು, ಇಟ್ಟಿದ್ದರೆಂದು ಓದಿಕೊಂಡವಳು ನಾನು.

ನಾನು ಕ್ಷಮೆ ಕೇಳಲಿಲ್ಲ, ಏರ್ಪಾಟನ್ನು ತಿದ್ದಿದೆ. ಹುಳ ಹಣ್ಣಾಗುವ ದಿನ ನನಗೆ ರಜೆ, ಸಂಬಳ ಬೇಡ, ಯಾವ ದಿನವೆಂದು ಮೊದಲೇ ಹೇಳಲಾಗದು ಎಂದು ಸಂಘದಲ್ಲಿ ಕೇಳಿದೆ. ಅಚ್ಚರಿಯೆಂದರೆ ಕಾರ್ಯದರ್ಶಿಯೇ ಮೊದಲು ತಲೆದೂಗಿದ್ದು. "ಅಣ್ಣುಳ ಏಳಿ ಕೇಳಿ ಬತ್ತವಾ?" ಎಂದರು. ಮನೆಗೆ ಬಂದು ಅತ್ತೆಗೂ ಅದನ್ನೇ ಹೇಳಿದೆ: ಆ ದಿನ ನನ್ನ ಕೋಣೆಗೆ ಗೆರೆ ಇರುವುದಿಲ್ಲ, ಉಳಿದ ದಿನ ಮನೆಗೆ ಬೆಂಕಿ ಬಿದ್ದರಷ್ಟೇ ಕರೆಯಬೇಕು.

ಮುಂದಿನ ಸಲದ ಹುಳ ಬಂದ ಮೇಲೆ ಒಂದು ಮನೆಯ ದಿನ ನಾನು ಸುಣ್ಣ ಉದುರಿಸುತ್ತಿದ್ದಾಗ ಅತ್ತೆ ಸೊಪ್ಪಿನ ಹೊರೆ ಹೊತ್ತು ತೋಟದಿಂದ ಬಂದರು. ಹೊರೆ ಇಳಿಸಿ, ಸೊಂಟಕ್ಕೆ ಕೈ ಕೊಟ್ಟು ನನ್ನ ಗೆರೆ ನೋಡಿದರು.

"ಏನವ್ವ ಅದು, ಇರುವೆ ಸಾಲಿದ್ದಂಗೆ? ಅಷ್ಟ್ ತೆಳ್ಳಗೆ ಎಳುದ್ರೆ ಯಾರ್ ನಿಲ್ತಾರೆ?" ಎಂದು ಒಳಗಿನಿಂದ ತಮ್ಮ ಡಬ್ಬ ತಂದು ನನ್ನ ಕೈಗೆ ಕೊಟ್ಟರು. "ದಪ್ಪಾಗಿ ಆಕು."